ಮೂರನೆಯ ಹೆಸರು

ಧಾರವಾಡದಲ್ಲಿ ವತ್ಸಲಾಬಾಯಿ ಹುದ್ದಾರ ಎಂಬವರು ಒಂದು ಕಸೂತಿ ಕೇಂದ್ರ ನಡೆಸುತ್ತಿದ್ದರು. ಅಲ್ಲಿ ಮೂವತ್ತೆಂಟು ಹೆಂಗಸರು ಸೀರೆಗಳ ಮೇಲೆ ಗೋಪುರ, ಪಲ್ಲಕ್ಕಿ, ಆನೆ, ತುಳಸಿಕಟ್ಟೆಗಳನ್ನು ಸೂಜಿಯಿಂದ ಮೂಡಿಸುತ್ತಿದ್ದರು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಮುಗಿದ ಸೀರೆಯನ್ನು ವತ್ಸಲಾಬಾಯಿ ಮೊದಲು ಒಳಮಗ್ಗುಲಿಗೆ ತಿರುವಿ ನೋಡುತ್ತಿದ್ದರು. ಒಂದು ಗಂಟು ಕಂಡರೆ ಸಾಕು, ಅಷ್ಟನ್ನೂ ಬಿಚ್ಚಿಸುತ್ತಿದ್ದರು. ನಾಳೆ ಹಬ್ಬ ಎಂದು ಯಾರಾದರೂ ಗೋಗರೆದರೆ, ಹಬ್ಬ ಗಂಟಿಗೂ ಬರುತ್ತದೆಯೇ ಎಂದು ಕೇಳುತ್ತಿದ್ದರು.

ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಒಂದು ದೊಡ್ಡ ಕರಕುಶಲ ಮೇಳ ನಡೆಯುತ್ತಿತ್ತು. ಆ ಮೇಳದಲ್ಲಿ ಮಳಿಗೆ ಸಿಕ್ಕರೆ ಕೇಂದ್ರದ ಹೆಂಗಸರಿಗೆ ಮುಂದಿನ ವರ್ಷವಿಡೀ ಕೈತುಂಬ ಕೆಲಸ. ಸಿಗದಿದ್ದರೆ ಹನ್ನೊಂದು ತಿಂಗಳು ಕಣ್ಣು ಕೀಲಿಸಿ ಹೊಲಿದ ಸೀರೆಗಳು ಕಪಾಟಿನಲ್ಲೇ ಮಡಿಕೆ ಬೀಳಬೇಕು. ಮಳಿಗೆಗೆ ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕಿತ್ತು. ಸೀರೆಗಳ ಫೋಟೊ ನೆಟ್ಟಗೆ ಬಂದಿಲ್ಲವೆಂದು ವತ್ಸಲಾಬಾಯಿ ಮೂರು ಸಲ ತೆಗೆಸಿದರು. ಹೀಗೆ ನೆಟ್ಟಗೆ ಮಾಡುತ್ತ ಮಾಡುತ್ತ ಕೊನೆಯ ದಿನ ಬಂದೇಬಿಟ್ಟಿತು. ಸಂಜೆ ಐದಕ್ಕೆ ಗಡುವು. ಮಧ್ಯಾಹ್ನ ಎರಡಕ್ಕೆ ಅವರು ಖುರ್ಶೀದಾಳನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು.

ಖುರ್ಶೀದಾ ಕೇಂದ್ರದಲ್ಲಿ ಪಿಯುಸಿ ಮುಗಿಸಿದ ಒಬ್ಬಳೇ ಹೆಂಗಸು. ಕಸೂತಿಯಲ್ಲಿ ಅವಳ ಕೈ ಅಷ್ಟಕ್ಕಷ್ಟೇ. ಬಾಯಿ ಮಾತ್ರ ಬಲು ಚುರುಕು. ಅವಳು ಪಾಸ್‌ವರ್ಡ್ ಒತ್ತಿದಳು. ಈ ಪಾಸ್‌ವರ್ಡ್ ಹಳೆಯದಾಗಿದೆ, ಹೊಸದು ಮಾಡಿಕೊಳ್ಳಿ, ಅದಕ್ಕಾಗಿ ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ ಎಂದು ಉತ್ತರ ಬಂತು. ಇಬ್ಬರೂ ಮೊಬೈಲನ್ನು ನೋಡುತ್ತ ಕುಳಿತರು. ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಎರಡು ವರ್ಷದ ಹಿಂದೆ ವತ್ಸಲಾಬಾಯಿ ನಂಬರ್ ಬದಲಾಯಿಸಿದ್ದರು. ಹಾಲಿನವನಿಗೆ, ವಾಚನಾಲಯಕ್ಕೆ, ಹುಬ್ಬಳ್ಳಿಯ ನಾದಿನಿಗೆ ಹೊಸ ನಂಬರ್ ತಿಳಿಸಿದ್ದರು. ಮೇಳದವರಿಗೆ ತಿಳಿಸಿರಲಿಲ್ಲ.

ಹಳೆಯ ನಂಬರಿಗೇ ಫೋನ್ ಮಾಡಿ ನೋಡೋಣವೆಂದಳು ಖುರ್ಶೀದಾ. ಆ ನಂಬರ್ ಈಗ ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಮಿಷನ್ ಓಡಿಸುವ ಒಬ್ಬನ ಪಾಲಾಗಿತ್ತು. ವತ್ಸಲಾಬಾಯಿ ತಾವು ಯಾರು, ಏನು ಕೆಲಸ ಮಾಡುತ್ತೇವೆ, ಮೇಳವೆಂದರೇನು ಎಲ್ಲವನ್ನೂ ಬಿಡಿಸಿ ಹೇಳಿ, ಈಗಷ್ಟೇ ಬಂದಿರುವ ಆರು ಅಂಕಿಗಳನ್ನು ದಯವಿಟ್ಟು ಓದಿ ಹೇಳಬೇಕೆಂದು ಕೇಳಿದರು. ಅವನು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡ.

“ಅವ್ವಾರ, ನಿಮ್ಮ ದನಿ ಕೇಳಿದ್ರ ದೊಡ್ಡ ಮನಿಯವರು ಅನಸ್ತದ. ಆದ್ರ ಮೋಸ ಮಾಡೋರೂ ಹಿಂಗ ಚೊಲೊ ಮಾತಾಡ್ತಾರಂತ್ರಿ,” ಎಂದು ಫೋನ್ ಇಟ್ಟ.

ವತ್ಸಲಾಬಾಯಿ ಅವನನ್ನು ಬಯ್ಯುವಂತೆಯೂ ಇರಲಿಲ್ಲ. ಓಟಿಪಿಯನ್ನು ಹಡೆದ ತಾಯಿ ಕೇಳಿದರೂ ಹೇಳಕೂಡದೆಂದು ಕೇಂದ್ರದ ಹೆಂಗಸರಿಗೆ ಪ್ರತಿ ಸೋಮವಾರ ಪಾಠ ಹೇಳುತ್ತಿದ್ದವರು ಅವರೇ. ಹೆಂಗಸರು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಸಹಾಯವಾಣಿಗೆ ಫೋನ್ ಮಾಡಿದರು. ಒಂದನ್ನು ಒತ್ತಿ ಎಂದಿತು, ಒತ್ತಿದರು. ನಾಲ್ಕನ್ನು ಒತ್ತಿ ಎಂದಿತು, ಒತ್ತಿದರು. ನಿಮ್ಮ ಕರೆ ನಮಗೆ ಅಮೂಲ್ಯವೆಂದು ಹನ್ನೊಂದು ಸಲ ಹೇಳಿ, ನಡುನಡುವೆ ಕೊಳಲು ಕೇಳಿಸಿ, ಮುಕ್ಕಾಲು ಗಂಟೆಯ ಮೇಲೆ ತಾನೇ ಕಡಿದುಕೊಂಡಿತು. ಗಡಿಯಾರ ನಾಲ್ಕು ಹೊಡೆಯಿತು.

ಆಗ ಖುರ್ಶೀದಾಳಿಗೆ ಪರದೆಯ ತಳದಲ್ಲಿ ಸಣ್ಣ ಅಕ್ಷರದ ಇನ್ನೊಂದು ದಾರಿ ಕಂಡಿತು. ಅದನ್ನು ಒತ್ತಿದರೆ, ನೀವು ಯಂತ್ರವಲ್ಲ ಮನುಷ್ಯರೆಂದು ತೋರಿಸಿ, ಸಿಗ್ನಲ್ ದೀಪ ಇರುವ ಚಿತ್ರಗಳನ್ನು ಆರಿಸಿ ಎಂದಿತು. ದೀಪದ ಕಂಬ ಅರ್ಧ ಕಾಣುವ ಚಿತ್ರವನ್ನೂ ಆರಿಸಬೇಕೇ ಬೇಡವೇ ಎಂದು ವತ್ಸಲಾಬಾಯಿ ವಾದಕ್ಕಿಳಿದರು. ಕಂಬ ದೀಪವಲ್ಲವೆಂಬುದು ಅವರ ಪಕ್ಷ. ಅಷ್ಟರಲ್ಲಿ ಹೊತ್ತು ಮೀರಿ ಚಿತ್ರಗಳೇ ಬದಲಾದವು. ಎರಡನೆಯ ಸಲ ಅವರು ಬಾಯಿ ಬಿಗಿಹಿಡಿದು ಕುಳಿತರು. ಆ ಹೊಸ್ತಿಲು ದಾಟಿದ ಮೇಲೆ ಪರದೆಯ ಮೇಲೆ ಒಂದೇ ಒಂದು ಪ್ರಶ್ನೆ ಉಳಿಯಿತು. ಖಾತೆ ತೆರೆದ ದಿನ ವತ್ಸಲಾಬಾಯಿಯೇ ಉತ್ತರ ಕೊಟ್ಟಿದ್ದ ಪ್ರಶ್ನೆ ಅದು.

ನಿಮಗೆ ಈ ಕಸುಬನ್ನು ಮೊದಲು ಕಲಿಸಿದವರ ಹೆಸರೇನು?

ಅಂದು ಕೊಟ್ಟ ಉತ್ತರವನ್ನೇ ಇಂದೂ ಕೊಡಬೇಕು. ಮೂರು ಸಲ ಹೇಳಬಹುದು. ಮೂರೂ ತಪ್ಪಿದರೆ ಹದಿನೈದು ದಿನ ಖಾತೆ ಮುಚ್ಚಿರುತ್ತದೆ.

ಖುರ್ಶೀದಾ ನಿಟ್ಟುಸಿರು ಬಿಟ್ಟು ನಕ್ಕಳು. ಈ ಉತ್ತರ ಧಾರವಾಡಕ್ಕೆಲ್ಲ ಗೊತ್ತಿದೆ ಎಂದಳು. ವತ್ಸಲಾಬಾಯಿ ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ಹೊಲಿಗೆಯ ಗುರು ಸಿಸ್ಟರ್ ಬೆನೆಡಿಕ್ಟಾ ತಮ್ಮ ಕೈಗೆ ಮೊದಲು ಸೂಜಿ ಕೊಟ್ಟರೆಂದು ಅವರು ಪತ್ರಿಕೆಯವರಿಗೆ ಹೇಳಿದ್ದರು, ರೇಡಿಯೊದವರಿಗೂ ಹೇಳಿದ್ದರು. ಖುರ್ಶೀದಾ ಆ ಹೆಸರನ್ನು ಬರೆದಳು. ಅಕ್ಷರಗಳು ಕಾಣಲಿಲ್ಲ, ಬರೀ ಚುಕ್ಕೆಗಳು ಮೂಡಿದವು. ಉತ್ತರ ತಪ್ಪು ಎಂದಿತು ಯಂತ್ರ.

ಖುರ್ಶೀದಾ ತಿರುಗಿ ನೋಡಿದಳು. ವತ್ಸಲಾಬಾಯಿಯ ಮುಖ ಬಿಳುಪೇರಿತ್ತು. ಅವರು ತಗ್ಗಿದ ದನಿಯಲ್ಲಿ, ಅಜ್ಜಿಯ ಹೆಸರು ಹಾಕಿ ನೋಡು, ರಮಾಬಾಯಿ, ಎಂದರು. ಬಂಧುಗಳ ಮದುವೆ ಮುಂಜಿಗಳಲ್ಲಿ ಅವರು ಹೇಳುತ್ತಿದ್ದ ಕಥೆ ಅದು. ಕಸೂತಿ ನಮ್ಮ ಮನೆತನದ ವಿದ್ಯೆ, ಅಜ್ಜಿಯಿಂದ ಬಂದದ್ದು ಎಂದು. ಕೇಂದ್ರದ ಹೆಂಗಸರು ಈ ಎರಡನೆಯ ಕಥೆಯನ್ನು ಕೇಳಿರಲಿಲ್ಲ. ಮೊದಲ ಗುರು ಇಬ್ಬರು ಹೇಗಾದರೆಂದು ಯಾರೂ ಕೇಳಲಿಲ್ಲ, ಆದರೆ ಸೂಜಿಗಳೆಲ್ಲ ನಿಧಾನವಾದವು.

ಅದೂ ತಪ್ಪು ಎಂದಿತು ಯಂತ್ರ. ಇನ್ನು ಒಂದೇ ಸಲ.

“ಏಳು ಖುರ್ಶೀದಾ. ನಾ ಕೂಡ್ತೀನಿ,” ಎಂದರು ವತ್ಸಲಾಬಾಯಿ.

ಅವರು ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಕಿಟಕಿಯ ಬಳಿ ನೀಲವ್ವ ಕುಳಿತಿದ್ದಳು. ಹದಿನಾಲ್ಕು ವರ್ಷದಿಂದ ಅವಳ ಜಾಗ ಅದೇ. ಬೇರೆಯವರೆಲ್ಲ ಈ ಕಡೆ ನೋಡುತ್ತಿದ್ದರೆ ಅವಳೊಬ್ಬಳು ತಲೆ ಎತ್ತಿರಲಿಲ್ಲ. ಬೇಕೆಂದೇ ಎತ್ತಲಿಲ್ಲವೆಂದು ವತ್ಸಲಾಬಾಯಿಗೆ ತಿಳಿಯಿತು. ನೀಲವ್ವ ಫಕೀರವ್ವನ ಮಗಳು.

ಫಕೀರವ್ವ ಹಿಂದೆ ವತ್ಸಲಾಬಾಯಿಯ ತವರುಮನೆಗೆ ಪಾತ್ರೆ ಭಾಂಡೆ ತಿಕ್ಕಲು, ಬಟ್ಟೆ ಒಗೆಯಲು ಬರುತ್ತಿದ್ದಳು. ಕೆಲಸ ಮುಗಿದ ಮೇಲೆ ಹಿತ್ತಲಿನ ಬಿಸಿಲಿಗೆ ಕಾಲು ಚಾಚಿ, ಯಾರದೋ ಮದುವೆಯ ಕುಪ್ಪಸಕ್ಕೆ ಕಸೂತಿ ಹಾಕುತ್ತಿದ್ದಳು. ಒಂಬತ್ತು ವರ್ಷದ ವತ್ಸಲಾ ಒಗೆಯುವ ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದಳು. ಒಂದು ದಿನ ಫಕೀರವ್ವ ಸೂಜಿಯನ್ನು ಅವಳ ಕೈಗೆ ಕೊಟ್ಟಳು. “ಎಳಿ ಎಣಸ್ರಿ ಸಣ್ಣಬಾಯಾರ. ಅಂದಾಜಿನ ಮ್ಯಾಲ ಸೂಜಿ ಹಾಕಬ್ಯಾಡ್ರಿ,” ಎಂದಳು. ತಪ್ಪಿದರೆ ಬಿಚ್ಚಿಸಿದಳು. ಅತ್ತರೂ ಬಿಚ್ಚಿಸಿದಳು. ಎರಡು ಮಳೆಗಾಲ ಕಳೆಯುವುದರಲ್ಲಿ ಹುಡುಗಿಯ ಕೈ ಕೂತಿತು. ಸಂಜೆಗೆ ಮನೆಯವರು ಫಕೀರವ್ವನಿಗೆ ಉಳಿದ ರೊಟ್ಟಿಯನ್ನು ಹಿತ್ತಲ ಬಾಗಿಲಿನಿಂದಲೇ ಕೊಡುತ್ತಿದ್ದರು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು.

ಸಿಸ್ಟರ್ ಬೆನೆಡಿಕ್ಟಾ ಕಲಿಸಿದ್ದು ಕರವಸ್ತ್ರದ ಮೂಲೆಗೆ ಗುಲಾಬಿ ಹೂವು. ಕಸೂತಿ ಅವರಿಗೆ ಬರುತ್ತಲೇ ಇರಲಿಲ್ಲ. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಮೊದಲ ಸಲ ಪತ್ರಿಕೆಯವರು ಕೇಳಿದಾಗ ಸುತ್ತಲೂ ಪಟ್ಟಣದ ದೊಡ್ಡ ಹೆಂಗಸರು ನಿಂತಿದ್ದರು. ಭಾಂಡೆ ತಿಕ್ಕುವವಳ ಹೆಸರು ಗಂಟಲಿನಲ್ಲೇ ಉಳಿಯಿತು, ಸಿಸ್ಟರ್ ಹೆಸರು ಹೊರಗೆ ಬಂತು. ಒಮ್ಮೆ ಅಚ್ಚಾದ ಮೇಲೆ ಅದನ್ನೇ ಸಾಕಬೇಕಾಯಿತು.

ಹಾಗಾದರೆ ಈ ಯಂತ್ರಕ್ಕೆ ಏನು ಹೇಳಿದ್ದೆ? ವತ್ಸಲಾಬಾಯಿ ನೆನಪು ಕೆದಕಿದರು. ಒಂಬತ್ತು ವರ್ಷದ ಹಿಂದಿನ ಮಾತು. ನಾಗರಪಂಚಮಿಗೆಂದು ಹೆಂಗಸರೆಲ್ಲ ಮನೆಗೆ ಹೋಗಿದ್ದರು. ಕೇಂದ್ರದಲ್ಲಿ ತಾವೊಬ್ಬರೇ ಕುಳಿತು ಖಾತೆ ತೆರೆದಿದ್ದರು. ಆ ಹೊತ್ತು ಪತ್ರಿಕೆಯವರು ಇರಲಿಲ್ಲ, ಬಂಧುಗಳು ಇರಲಿಲ್ಲ, ಮೆಚ್ಚಿಸಬೇಕಾದವರು ಒಬ್ಬರೂ ಎದುರಿಗೆ ಇರಲಿಲ್ಲ. ಸುಳ್ಳನ್ನು ಊರಿಗೆಲ್ಲ ಹೇಳಿದ್ದೆ. ಒಂದೇ ಒಂದು ಸಲ ನಿಜ ಹೇಳಿರಬಹುದೇ? ಅದೂ ಈ ಯಂತ್ರಕ್ಕೆ?

ತಪ್ಪಿದರೆ ಮೂವತ್ತೆಂಟು ಮನೆಗಳ ಮುಂದಿನ ವರ್ಷ ಹೋಗುತ್ತದೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಫಕೀರವ್ವ. ಪರದೆಯ ಮೇಲೆ ಚುಕ್ಕೆಗಳು ಮಾತ್ರ ಮೂಡಿದವು. ಹಿಂದೆ ನಿಂತಿದ್ದ ಖುರ್ಶೀದಾಳಿಗೂ ಏನೂ ಕಾಣಲಿಲ್ಲ.

ಖಾತೆ ತೆರೆಯಿತು.

ಹೆಂಗಸರು ಹೋ ಎಂದರು. ಯಾವ ಹೆಸರು ಹಾಕಿದಿರೆಂದು ಒಬ್ಬಳು ಕೇಳಿದಳು. ವತ್ಸಲಾಬಾಯಿ ಕೇಳಿಸದವರಂತೆ ಎದ್ದು, ಹೊತ್ತು ಹೋಗುತ್ತಿದೆ, ಅರ್ಜಿ ತುಂಬು ಎಂದು ಖುರ್ಶೀದಾಳಿಗೆ ಕುರ್ಚಿ ಬಿಟ್ಟರು. ಅವಳು ಲಗುಬಗೆಯಿಂದ ತುಂಬಿದಳು. ಫೋಟೊಗಳು ದೊಡ್ಡವಾದವೆಂದು ಯಂತ್ರ ಎರಡು ಸಲ ಹಿಂದಕ್ಕೆ ತಳ್ಳಿತು. ಅವಳು ಚಿಕ್ಕದು ಮಾಡಿ ಮತ್ತೆ ಕಳಿಸಿದಳು. ಐದಕ್ಕೆ ಎಂಟು ನಿಮಿಷ ಇರುವಾಗ ಕೊನೆಯ ಪುಟ ಬಂತು. ಮಳಿಗೆಯ ಫಲಕದ ಮೇಲೆ ಬರೆಸಬೇಕಾದ ಗುರುವಿನ ಹೆಸರು ಎಂಬ ಜಾಗವಿತ್ತು. ಅಲ್ಲಿ ಹೋದ ವರ್ಷದ ಹೆಸರನ್ನು ಕಂಪ್ಯೂಟರ್ ತಾನಾಗಿಯೇ ತಂದು ಕೂರಿಸಿತ್ತು. ಸಿಸ್ಟರ್ ಬೆನೆಡಿಕ್ಟಾ.

ಇನ್ನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಎಲ್ಲ ಸರಿ ಇದೆಯಲ್ಲ, ಕಳಿಸಲೇ ಎಂದು ಖುರ್ಶೀದಾ ಕೇಳಿದಳು. ವತ್ಸಲಾಬಾಯಿ ಕಿಟಕಿಯ ಕಡೆ ನೋಡಿದರು. ನೀಲವ್ವ ಎಳೆ ಎಣಿಸುತ್ತಿದ್ದಳು.

“ತಡಿ. ಆ ಹೆಸರು ತಗಿ. ಫಕೀರವ್ವ ತಳವಾರ ಅಂತ ಬರಿ.”

“ಯಾರ್ರಿ ಅವರು?”

“ನಮ್ಮ ಮನಿ ಹಿತ್ತಲದಾಗ ಭಾಂಡಿ ತಿಕ್ಕತಿದ್ದಳು. ನೀಲವ್ವನ ತಾಯಿ. ನನಗ ಸೂಜಿ ಹಿಡಿಯೋದು ಕಲಿಸಿದಾಕಿ ಅಕೀನಽ. ಬ್ಯಾರೆ ಯಾರೂ ಅಲ್ಲ.”

ಖುರ್ಶೀದಾಳಂಥ ಬಾಯಿಬಡಕಿಯೂ ಸುಮ್ಮನೆ ಹೆಸರನ್ನು ತಿದ್ದಿದಳು. ನೀಲವ್ವನ ಸೂಜಿ ಬಟ್ಟೆಯಲ್ಲೇ ನಿಂತಿತ್ತು. ವತ್ಸಲಾಬಾಯಿ ಅವಳ ಬಳಿಗೆ ನಡೆದುಹೋದರು. ಎಂದೂ ಹಾಗೆ ನೌಕರರ ಬಳಿ ನಡೆದು ಹೋದವರಲ್ಲ, ಕರೆಸಿಕೊಂಡವರು.

“ನಿನಗ ಗೊತ್ತಿತ್ತು. ಇಷ್ಟು ವರ್ಷ ಒಂದು ಮಾತು ಯಾಕ ಅನ್ನಲಿಲ್ಲ?”

ನೀಲವ್ವ ನಿಂತ ಸೂಜಿಯನ್ನು ಎಳೆದುಕೊಂಡಳು. “ಕಲಿತವರು ಹೇಳೂ ಮಾತದು ಬಾಯಾರ. ನಾ ಹೇಳಿದ್ರ ಬೇಡಿದಂಗ ಆಗತಿತ್ತು.”

ವತ್ಸಲಾಬಾಯಿ ಅಲ್ಲೇ ನೀಲವ್ವನ ಪಕ್ಕದ ಚಾಪೆಯ ಮೇಲೆ ಕುಳಿತರು. ಅರ್ಜಿ ಹೋಯಿತೆಂದು ಖುರ್ಶೀದಾ ಹೇಳಿದಾಗ ಐದಕ್ಕೆ ಮೂರು ನಿಮಿಷ ಇತ್ತು.

ಮಳಿಗೆ ಸಿಕ್ಕಿತು. ವತ್ಸಲಾಬಾಯಿ ಆ ವರ್ಷ ನೀಲವ್ವನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ಫಕೀರವ್ವ ತಳವಾರ ಯಾರೆಂದು ಬಂದವರೆಲ್ಲ ಕೇಳುತ್ತಿದ್ದರು. ಮೊದಲ ದಿನ ಹೇಳುವಾಗ ವತ್ಸಲಾಬಾಯಿಯ ದನಿ ತಡವರಿಸಿತು. ಮೂರನೆಯ ದಿನಕ್ಕೆ ತಡವರಿಸಲಿಲ್ಲ. ಜನ ಕಡಿಮೆಯಾದಾಗ ನೀಲವ್ವ ಫಲಕದ ಮುಂದೆ ಹೋಗಿ, ಓದುಬರಹ ತಿಳಿಯದಿದ್ದ ತನ್ನ ತಾಯಿಯ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

ಈ ಕಥೆ ಓದಿದ ಮಕ್ಕಳೂ ದೊಡ್ಡವರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ನೀತಿ:

ಫೋನ್ ನಂಬರ್ ಬದಲಾದರೆ ತಿಳಿಸಬೇಕಾದವರಿಗೆಲ್ಲ ಅಂದೇ ತಿಳಿಸಬೇಕು. ಅದು ಶಿಸ್ತು, ಒಂದು ದಿನದಲ್ಲಿ ಕಲಿಯಬಹುದು. ಕಲಿಸಿದವರ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವುದು ಅದಕ್ಕಿಂತ ಕಷ್ಟ. ಯಾರೂ ನೋಡದಿರುವಾಗ ಒಪ್ಪಿಕೊಂಡ ಉಪಕಾರ ನಮ್ಮ ಬಾಗಿಲನ್ನಷ್ಟೇ ತೆರೆಯುತ್ತದೆ. ಉಪಕಾರ ಮಾಡಿದವರಿಗೆ ಸಲ್ಲಬೇಕಾದ್ದು ಎಲ್ಲರೂ ಕೇಳುವಂತೆ ಹೇಳಿದಾಗಲೇ ಸಲ್ಲುತ್ತದೆ. ಅದನ್ನು ಅವರು ಬಾಯಿಬಿಟ್ಟು ಕೇಳುವವರೆಗೆ ಕಾಯಬಾರದು.