ಹಿಮ ಗುಡಿಸಿದವನು

ಚಳ್ಳಕೆರೆ ಸೀಮೆಯ ತಿಪ್ಪೇಶ ಹಿಮಾಲಯದ ಆ ಆಶ್ರಮ ಸೇರಿ ಎರಡು ವರ್ಷವಾಗಿತ್ತು. ಆಳು ಒಳ್ಳೆಯವನು; ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು.

ಒಂದು ಬೇಸಿಗೆಯಲ್ಲಿ ಗುರು ವಿರಜಾ ಅಮ್ಮ ಅವನ ಅಂಗೈಗೆ ಚಿಟಿಕೆ ಬೀಜ ಹಾಕಿದರು. ನಶ್ಯದಷ್ಟು ನಯವಾದ ಬೀಜ.

"ಗಂಟೆಹೂವಿಂದು. ಕಡುನೀಲಿ ಬಿಡುತ್ತೆ, ಕೆಲವು ನೇರಳೆ. ನಮ್ಮ ಗುರುಗಳು ಬೆಳೆಸಿದ ತಳಿ. ಉಳಿದಿರೋದು ಇಷ್ಟೇ."

ತಿಪ್ಪೇಶ ಮುಷ್ಟಿ ಬಿಗಿದ. "ಒಂದು ಗಿಡಾನೂ ಸಾಯಾಕೆ ಬಿಡಲ್ಲಮ್ಮ. ಸತ್ತರೆ ಇಲ್ಲಿರೋ ಯೋಗ್ಯತೆ ನನಗಿಲ್ಲ, ಬೆಟ್ಟ ಇಳಿದು ಹೋಗ್ತೀನಿ."

ಅಮ್ಮ ಜಗಲಿ ಮುಂದಿನ ಖಾಲಿ ಮಡಿಯತ್ತ ಕೈ ತೋರಿಸಿದರು.

ನಲವತ್ತು ಗಿಡ ಎದ್ದವು. ಮೊದಲ ವರ್ಷ ಈ ಗಿಡಕ್ಕೆ ಬರೀ ಎಲೆ. ಒಂದು ಚಳಿಗಾಲ ದಾಟಿದರೆ ಹೂವು.

ಮೊದಲ ಹಿಮ ಬಿತ್ತು. ಎಲೆಗಳೆಲ್ಲ ಮುಚ್ಚಿಹೋದದ್ದು ಕಂಡ ತಿಪ್ಪೇಶ, ಇಷ್ಟು ಭಾರ ಬಿದ್ದರೆ ಗಿಡ ಸತ್ತೇ ಹೋಗ್ತಾವೆ ಅಂದುಕೊಂಡ. ಪೊರಕೆ ತಂದು ಮಡಿಯನ್ನೆಲ್ಲ ಗುಡಿಸಿದ.

ಅಮ್ಮ ಜಗಲಿಯಿಂದಲೇ ಹೇಳಿದರು. "ಬಿಡಪ್ಪ, ಅದರ ಪಾಡಿಗೆ ಅದಿರಲಿ."

ಹಟಕ್ಕೆ ಬಿದ್ದವನ ಕಿವಿಗೆ ಅದೆಲ್ಲ ಹೋಗುವುದುಂಟೇ? ದಿನಾ ಹಿಮ ಬೀಳುತ್ತಿತ್ತು, ದಿನಾ ಇವನು ಗುಡಿಸುತ್ತಿದ್ದ. ಕೈ ಒಡೆದು ರಕ್ತ ಬಂದರೂ ಬಿಡಲಿಲ್ಲ.

ಹನ್ನೆರಡನೆಯ ದಿನ ಬೆಳಗಿನ ಜಾವ, ಮಲಗಿದ್ದವನ ಮೇಲಿನ ಕಂಬಳಿಯನ್ನು ಯಾರೋ ಸರ್‍ರನೆ ಎಳೆದರು. ಕಣ್ಣು ಬಿಟ್ಟರೆ ಅಮ್ಮ. ಕಂಬಳಿ ಅವರ ಕೈಯಲ್ಲಿತ್ತು.

ಹಲ್ಲು ಕಟಕಟ ಎನ್ನುತ್ತಿತ್ತು. "ಅಮ್ಮಾ, ಚಳಿ... ಕಂಬಳಿ ಯಾಕೆ ತೆಗೆದ್ರಿ?"

"ಅಷ್ಟು ಭಾರ ನಿನ್ನ ಮೇಲೆ ಬಿದ್ದಿತ್ತಪ್ಪ. ನೋಡೋಕಾಗ್ಲಿಲ್ಲ."

ತಿಪ್ಪೇಶ ಎದ್ದು ಕೂತು ಹೊರಗೆ ನೋಡಿದ. ಕಿಟಕಿಯಾಚೆ ಸುತ್ತಲಿನ ನೆಲವೆಲ್ಲ ಬೆಚ್ಚಗೆ ಹಿಮ ಹೊದ್ದು ಮಲಗಿತ್ತು. ಅವನ ಮಡಿಯೊಂದೇ ಬರಿಮೈಯಲ್ಲಿ ಕಪ್ಪಗೆ ಹೆಪ್ಪುಗಟ್ಟಿತ್ತು.

ಬರಿಗಾಲಲ್ಲೇ ಓಡಿದ. ಬೊಗಸೆ ಬೊಗಸೆ ಹಿಮ ತಂದು ಗಿಡಗಳ ಮೇಲೆ ಸುರಿದ. ನಾಚಿಕೆಯಿಂದ ಅಳು ಬಂತು. ಅಳುತ್ತಲೇ ಸುರಿದ.

ಹಿಮ ಕರಗಿದಾಗ ಹಸಿರಾಗಿ ಉಳಿದದ್ದು ಮೂರು ಗಿಡ. ಮಿಕ್ಕವು ಕೊಳೆತು ಕಪ್ಪಾಗಿದ್ದವು.

ತಿಪ್ಪೇಶ ಸೊರಗಿ ಕೂರಲಿಲ್ಲ. ಆ ಮೂರಕ್ಕೆ ನೀರು ಹೊತ್ತ, ಕಳೆ ಕಿತ್ತ, ಗಾಳಿಗೆ ಬೀಳದಂತೆ ಕಡ್ಡಿ ನೆಟ್ಟ. ಆಷಾಢದಲ್ಲಿ ಮೊಣಕಾಲೆತ್ತರದ ದಂಟಿನ ತುಂಬ ಹೂವು. ಎರಡು ಗಿಡ ಕಡುನೀಲಿ, ಒಂದು ನೇರಳೆ. ನೋಡಿದಷ್ಟೂ ಅವನಿಗೆ ಸಂತೋಷವಾಗುತ್ತಿತ್ತು, ಅಷ್ಟೇ ಸಂಕಟವೂ ಆಗುತ್ತಿತ್ತು.

ಕಾಯಿ ಒಣಗಿದ ಮೇಲೆ ಬೀಜವನ್ನೆಲ್ಲ ಉದುರಿಸಿ ಪೊಟ್ಟಣ ಕಟ್ಟಿದ. ತನ್ನ ಗಂಟನ್ನೂ ಕಟ್ಟಿದ. ಅಮ್ಮನ ಮುಂದೆ ಎರಡನ್ನೂ ಇಟ್ಟು ಅಡ್ಡಬಿದ್ದ.

"ಮೂವತ್ತೇಳು ಗಿಡ ಕೊಂದೆನಮ್ಮ. ಕೊಟ್ಟ ಮಾತಿನಂಗೆ ಹೊರಡ್ತೀನಿ. ಈ ಬೀಜ ತಿಳಿದವರ ಕೈಗೆ ಕೊಡ್ರಿ."

ಅಮ್ಮ ಪೊಟ್ಟಣ ಬಿಚ್ಚಿ ನೋಡಿದರು. ಮತ್ತೆ ಮಡಿಚಿ, ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದರು.

"ಇವು ಹೇಗೆ ಸಾಯ್ತವೆ ಅಂತ ಇಲ್ಲಿ ನಿನಗಿಂತ ತಿಳಿದವರು ಯಾರಿದ್ದಾರಪ್ಪ?"