ಮಂಕಾಳಿಯ ಬಳಚು

ಅಳಿವೆಯ ದಂಡೆಯಲ್ಲಿ ಅನಸೂಯಾ ಮೇಡಂ ಅವರ ಪ್ರಯೋಗಾಲಯ. ಅಣುಗಳನ್ನು ತೂಗಿ ಗುರುತು ಹಿಡಿಯುವ ಯಂತ್ರ ಅಲ್ಲಿತ್ತು. ಸುಧನ್ವ ಅವರ ಶಿಷ್ಯ. ಜಾಣನೇ, ಆದರೆ ಅವನ ಬಾಯಿಗೆ ಅವಸರ ಜಾಸ್ತಿ.

ಒಂದು ಬೆಳಿಗ್ಗೆ ಅವನು ಓಡಿಬಂದ. "ಮೇಡಂ, ಬಳಚಿನಲ್ಲಿ ಆರ್ಸೆನಿಕ್ ಇದೆ. ತುಂಬಾನೇ ಇದೆ."

ಬಳಚೆಂದರೆ ಅಳಿವೆಯ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ಅದನ್ನು ಆರಿಸಿ ಮಾರುವ ಮಂಕಾಳಿಯೇ ಪರೀಕ್ಷೆಗೆ ಒಂದು ಬೊಗಸೆ ಕೊಟ್ಟಿದ್ದಳು.

"ಯಾರಿಗಾದರೂ ಹೇಳಿದೆಯಾ?"

"ಮಂಕಾಳಿಗೆ ಫೋನ್ ಮಾಡಿ ವಿಷ ಅಂದೆ. ಹೇಳದೇ ಇರೋದು ತಪ್ಪಲ್ವಾ?"

"ಅವಳೇನಂದಳು?"

"'ತಮ್ಮಾ, ನಿನ್ನೆನೂ ಮಕ್ಳಿಗೆ ಅದ್ನೇ ಬಡ್ಸಿದ್ನಲ್ಲೋ' ಅಂತ ಅತ್ತಳು. ಬುಟ್ಟಿಯಲ್ಲಿದ್ದದ್ದನ್ನೆಲ್ಲ ನೀರಿಗೆ ಸುರಿದಳಂತೆ."

ಮೇಡಂ ಅವನ ಟಿಪ್ಪಣಿ ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡರು.

"ಪರೀಕ್ಷೆ ಹೇಗೆ ಮಾಡಿದೆ?"

"ಆಮ್ಲದಲ್ಲಿ ಕುದಿಸಿ ಪೂರ್ತಿ ಕರಗಿಸಿದೆ."

"ಬಳಚಿನೊಳಗೆ ಆರ್ಸೆನಿಕ್ ಒಂಟಿಯಾಗಿತ್ತೋ, ಯಾವುದರ ಜೊತೆಗಾದರೂ ಇತ್ತೋ?"

"ಅದು ಹೇಗೆ ಗೊತ್ತಾಗುತ್ತೆ ಮೇಡಂ? ಆಮ್ಲ ಎಲ್ಲ ಬಂಧವನ್ನೂ ಕಡಿದುಹಾಕುತ್ತಲ್ಲ."

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೇ ಹೊಳೆಯಿತು. ಮುಖ ಸಪ್ಪಗಾಯಿತು.

ಮೇಡಂ ಆಮ್ಲದ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಈಗ ಮಾಡು."

"ಆಮ್ಲ ಇಲ್ಲದೆ ಹೇಗೆ?"

"ಮೆಲ್ಲಗೆ."

ಸುಧನ್ವ ಈ ಸಲ ಉಳಿದಿದ್ದ ಬಳಚನ್ನು ನೀರು ಮತ್ತು ಮೆಥನಾಲ್ ಎಂಬ ಮದ್ಯಸಾರ ಬೆರೆಸಿದ ದ್ರವದಲ್ಲಿ ನೆನೆಸಿದ. ಸಾರವನ್ನು ಸೋಸಿದ. ಅದರಲ್ಲಿದ್ದ ಅಣುಗಳನ್ನು ಒಡೆಯದೆ ಒಂದೊಂದಾಗಿ ಬೇರ್ಪಡಿಸಿ, ತುಂತುರು ಮಾಡಿ ಯಂತ್ರಕ್ಕೆ ಬಿಟ್ಟ.

ಸಂಜೆಗೆ ಉತ್ತರ ಸಿಕ್ಕಿತು. ಆರ್ಸೆನಿಕ್ ಹೆಚ್ಚೂಕಡಿಮೆ ಎಲ್ಲವೂ ಇಂಗಾಲದ ಜೊತೆ ಬಿಗಿಯಾಗಿ ಬೆಸೆದುಕೊಂಡಿತ್ತು. ಕಡಲ ಜೀವಿಗಳಲ್ಲಿ ಸಹಜವಾಗಿ ಇರುವ ರೂಪ ಅದು. ತಿಂದವರ ದೇಹ ಅದನ್ನು ಹಾಗೆಯೇ ಹೊರಹಾಕುತ್ತದೆ. ಕೇಡು ಮಾಡುವ ರೂಪ ಇದ್ದದ್ದು ಲೆಕ್ಕಕ್ಕೆ ಬಾರದಷ್ಟು.

ಸುಧನ್ವನಿಗೆ ಅಳು ಬರುವಷ್ಟು ಸಂತೋಷವಾಯಿತು. ಜೊತೆಗೆ ನಾಚಿಕೆಯೂ ಆಯಿತು.

"ಹಾಗಾದರೆ ಮೊದಲ ಫಲಿತಾಂಶ ಸುಳ್ಳಾ ಮೇಡಂ?"

"ಸುಳ್ಳಲ್ಲ. ಎಷ್ಟಿದೆ ಅಂತ ನೀನು ಕೇಳಿದೆ, ಯಂತ್ರ ಹೇಳಿತು. ವಿಷ ಅಂದಿದ್ದು ನೀನು."

ಅವನು ತಲೆತಗ್ಗಿಸಿದ. ಮತ್ತೆ ಜೇಬಿಗೆ ಕೈಹಾಕಿ ಫೋನ್ ತೆಗೆದ. "ಈಗಲೇ ಮಂಕಾಳಿಗೆ ಹೇಳಿಬಿಡ್ತೀನಿ."

ಮೇಡಂ ಅವನ ಕೈ ತಡೆದರು.

"ವಿಷ ಅಂತ ಫೋನಲ್ಲಿ ಹೇಳಬಹುದು ಕಣೋ. ವಿಷವಲ್ಲ ಅಂತ ಹೇಳೋಕೆ ಅವಳ ಮನೆಗೆ ಹೋಗಿ, ಮಕ್ಕಳ ಪಕ್ಕ ಬಳಚಿನ ಊಟಕ್ಕೆ ಕೂರಬೇಕು."