ಸುಟ್ಟ ಬಲೆ

"ಅಜ್ಜಾರ, ಬರಬ್ಯಾಡ ಅಂದವ್ರನ್ನ ಮನಸ್ಸು ಯಾಕ ಬಯಸತೈತ್ರಿ?"

ಕೇಳಿದವನು ತಾಯಪ್ಪ. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಎರಡು ವರ್ಷದ ಹಿಂದೆ ಅವಳನ್ನು ನೋಡಲು ಹೋದಾಗ ಅವಳು ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಇನ್ನು ಮೇಲೆ ಈ ಕಡೆ ಬರಬೇಡ ಎಂದು ಬಾಗಿಲು ಹಾಕಿಕೊಂಡಿದ್ದಳು. ಅಂದಿನಿಂದ ಅವನು ಹೊಳೆದಂಡೆಯ ಮಠದಲ್ಲಿ ಶಿಷ್ಯನಾಗಿ ಉಳಿದಿದ್ದ. ಅಕ್ಕನ ಊರಿನ ಬಸ್ಸು ಮಠದ ಮುಂದೆಯೇ ಹಾದುಹೋಗುತ್ತಿತ್ತು. ಅದು ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಅಂಗಳ ಗುಡಿಸುವ ಕೆಲಸ ನೆನಪಾಗುತ್ತಿತ್ತು.

ಮಠದ ಅಜ್ಜಾರು ಅಂಬಿಗರ ಮನೆಯಲ್ಲಿ ಹುಟ್ಟಿದವರು. ಅವರ ಕತೆಯಲ್ಲಿ ಮೀನು ಬಾರದಿದ್ದರೆ ಕೇಳುವವರಿಗೇ ಏನೋ ತಪ್ಪಿದಂತಾಗುತ್ತಿತ್ತು. ಅಂದು ಅವರು ಹೇಳಿದ ಕತೆ ಇದು.

ಒಂದು ಕಾಲುವೆಯ ಬದಿಯಲ್ಲಿ ಇಬ್ಬರು ರೈತರು ಹೊಂಡ ತೋಡಿ ಮೀನು ಸಾಕುತ್ತಿದ್ದರು. ಒಬ್ಬನ ಹೊಂಡ ಮೇಲೆ, ಇನ್ನೊಬ್ಬನದು ಕೆಳಗೆ. ನಡುವೆ ಜಾಲಿ ಬೆಳೆದ ಒಂದು ದಿಬ್ಬ. ಕಾಲುವೆಯ ನೀರು ಮೊದಲು ಮೇಲಿನ ಹೊಂಡ ತುಂಬಿ, ಅಲ್ಲಿಯ ತೂಬಿನಿಂದ ಕೆಳಗಿನದಕ್ಕೆ ಇಳಿಯುತ್ತಿತ್ತು. ಮೇಲಿನವನು ವಯಸ್ಸಿನಲ್ಲಿ ಹಿರಿಯ. ರಕ್ತಸಂಬಂಧ ಏನೂ ಇರಲಿಲ್ಲ, ಆದರೂ ಕೆಳಗಿನವನು ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದ.

ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಬಲೆ. ಒಂದು ಮಳೆಗಾಲವಿಡೀ ಎದುರುಬದುರು ಕೂತು ಅದನ್ನು ಹೆಣೆದಿದ್ದರು. ನೂಲಿಗಿಂತ ಮಾತೇ ಹೆಚ್ಚು ಖರ್ಚಾಗಿತ್ತು. ಮೀನು ಎಷ್ಟು ಬೆಳೆದಿವೆ ಎಂದು ನೋಡಲು ಹದಿನೈದು ದಿನಕ್ಕೊಮ್ಮೆ ಬಲೆ ಎಳೆಯುವರು. ಅದಕ್ಕೆ ಅವರದೇ ಒಂದು ಕಟ್ಟಳೆ ಇತ್ತು. ಯಾರ ಹೊಂಡವಾದರೂ ಸರಿ, ಮೊದಲು ನೀರಿಗಿಳಿಯಬೇಕಾದವನು ಇನ್ನೊಬ್ಬ. ತನ್ನ ಹೊಂಡಕ್ಕೆ ತಾನೇ ಮೊದಲು ಇಳಿದರೆ ಮೀನು ಮೈದುಂಬುವುದಿಲ್ಲ ಎಂದು ನಂಬಿದ್ದರು. ಅದು ಸುಳ್ಳು ನಂಬಿಕೆ ಎಂದು ಅಜ್ಜಾರು ಒಪ್ಪಿದರು, ಕೆಟ್ಟ ನಂಬಿಕೆ ಎನ್ನಲು ಮಾತ್ರ ಒಪ್ಪಲಿಲ್ಲ. ಅದರ ನೆಪದಲ್ಲಿ ಇಬ್ಬರೂ ಹದಿನೈದು ದಿನಕ್ಕೊಮ್ಮೆ ಸೊಂಟದ ತನಕ ಒಂದೇ ನೀರಿನಲ್ಲಿ ನಿಲ್ಲುತ್ತಿದ್ದರಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಮೇಲಿನ ಹೊಂಡದ ಸರದಿ ಇತ್ತು. ಕೆಳಗಿನವನು ಪಂಚೆ ಎತ್ತಿ ಕಟ್ಟಿಕೊಂಡು ಉತ್ಸಾಹದಿಂದ ಹೊರಟ. ದಿಬ್ಬ ಹತ್ತುವಾಗಲೇ ಹೊಗೆ ಕಂಡಿತು. ಹತ್ತಿರ ಹೋದರೆ ಉರಿಯುತ್ತಿದ್ದದ್ದು ಬಲೆ. ಹಿರಿಯ ಕೋಲಿನಿಂದ ಅದನ್ನು ಬೆಂಕಿಗೆ ಒತ್ತುತ್ತಿದ್ದ.

"ಅಣ್ಣಾ, ಇದೇನ ಮಾಡಾಕತ್ತೀ?"

"ನನ್ನ ಹೊಂಡದ ಕಡೆ ನೀ ಇನ್ನ ಬರಬ್ಯಾಡ. ಹೋಗು."

ಹಿರಿಯ ಮುಖ ಎತ್ತಿ ನೋಡಲೂ ಇಲ್ಲ. ಕೆಳಗಿನವನು ಸ್ವಲ್ಪ ಹೊತ್ತು ನಿಂತ, ಇನ್ನೊಂದು ಮಾತು ಬರಬಹುದು ಎಂದು ಕಾದ. ಬರಲಿಲ್ಲ. ತನ್ನ ಹೊಂಡಕ್ಕೆ ಮರಳಿ ನೋಡಿದರೆ ಮೇಲಿನಿಂದ ಬರುವ ನೀರೂ ನಿಂತಿತ್ತು. ಹಿರಿಯ ತೂಬಿಗೆ ಮಣ್ಣು ಮೆತ್ತಿ ಮುಚ್ಚಿಬಿಟ್ಟಿದ್ದ.

ಕೆಳಗಿನವನು ಉರಿದುಬಿದ್ದ. ಗದ್ದೆಗೆ ಬಿಡುತ್ತಿದ್ದ ಬಾವಿಯ ನೀರನ್ನು ಹೊಂಡಕ್ಕೆ ತಿರುಗಿಸಿ ಮೀನು ಉಳಿಸಿಕೊಂಡ. ಗದ್ದೆ ಒಣಗಿತು. ಮನೆಯಲ್ಲಿ ಯಾರೂ ಆ ಮನುಷ್ಯನ ಹೆಸರೆತ್ತಬಾರದು ಎಂದು ಅಪ್ಪಣೆ ಮಾಡಿದ. ಊಟಕ್ಕೆ ಕೂತಾಗಲೆಲ್ಲ ಆ ಹೆಸರೆತ್ತುತ್ತಿದ್ದವನು ಅವನೊಬ್ಬನೇ. ದಿಬ್ಬದ ಕಡೆ ಮಾತ್ರ ತಪ್ಪಿಯೂ ತಲೆಯೆತ್ತಿ ನೋಡಲಿಲ್ಲ. ಅಷ್ಟು ಹಟ ಅವನಿಗೆ.

ಒಬ್ಬನೇ ಕೂತು ಹೊಸ ಬಲೆಯನ್ನೂ ಹೆಣೆದ. ಆದರೆ ಸರದಿಯ ದಿನ ಬಂದಾಗ ನೀರಿಗಿಳಿಯಲು ಕಾಲು ಏಳಲಿಲ್ಲ. ಮೊದಲು ಇಳಿಯಬೇಕಾದವನು ಬಂದಿರಲಿಲ್ಲ. ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ದಂಡೆಯಲ್ಲಿ ಮಧ್ಯಾಹ್ನದ ತನಕ ನಿಂತ, ಆಮೇಲೆ ಮನೆಗೆ ಹೋದ. ಮುಂದಿನ ಸರದಿಗೂ ಹಾಗೇ ಆಯಿತು. ಅವನಿಗೆ ಅಣ್ಣ ಬೇಕಾಗಿದ್ದ. ಬೈಯುವುದಕ್ಕಾದರೂ ಎದುರಿಗೆ ಬೇಕಾಗಿದ್ದ. ಇದನ್ನು ಹೆಂಡತಿಗೆ ಹೇಳಲು ನಾಚಿಕೆ, ತನಗೆ ತಾನೇ ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚು ನಾಚಿಕೆ.

ಬೇಸಿಗೆಯಲ್ಲಿ ಮೀನುಮರಿ ಮಾರುವ ವ್ಯಾಪಾರಿಯೊಬ್ಬ ಬಂದ. ಹೊಂಡದ ದಂಡೆ ಹತ್ತುವ ಮೊದಲು ಒಂದು ಕೊಡ ಸುಣ್ಣದ ನೀರು ಕೇಳಿ ಕಾಲು ತೊಳೆದುಕೊಂಡ. ಇದೇನು ಹೊಸ ಮಡಿ ಎಂದು ಕೆಳಗಿನವನು ನಕ್ಕ. ವ್ಯಾಪಾರಿ ನಗಲಿಲ್ಲ. ಮೀನಿಗೆ ಹುಣ್ಣಿನ ರೋಗ ಬಂದಿದೆ ಎಂದ. ಮೊದಲು ಮೈಮೇಲೆ ಕೆಂಪು ಚುಕ್ಕೆ ಕಾಣುತ್ತದೆ, ಚುಕ್ಕೆ ಹುಣ್ಣಾಗುತ್ತದೆ, ಹುಣ್ಣು ಮಾಂಸಕ್ಕಿಳಿದ ಮೇಲೆ ಮೀನು ಸತ್ತು ತೇಲುತ್ತದೆ. ಹರಿಯುವ ನೀರಿನಲ್ಲಿ, ಒದ್ದೆ ಬಲೆಯಲ್ಲಿ, ಕಾಲಿಗೆ ಮೆತ್ತಿದ ಕೆಸರಿನಲ್ಲಿ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಆಚೆ ಊರಿನಲ್ಲಿ ಒಂದೇ ಬಲೆ ಐದು ಹೊಂಡ ಸುತ್ತಿತು, ಐದೂ ಹೋದವು. ಇಲ್ಲಿ ಮೇಲಿನ ಹೊಂಡದಲ್ಲಿ ಚಳಿಗಾಲದಲ್ಲೇ ಒಂದು ಮೀನೂ ಉಳಿಯಲಿಲ್ಲ. ಆ ರೈತ ಅಷ್ಟನ್ನೂ ಒಬ್ಬನೇ ಹೂತ. ಇಷ್ಟು ಹತ್ತಿರವಿದ್ದ ನಿನ್ನ ಹೊಂಡ ಹೇಗೆ ಉಳಿಯಿತು ಎಂದು ವ್ಯಾಪಾರಿ ಕೇಳಿದ.

ಕೆಳಗಿನವನಿಗೆ ಬಲೆ ಸುಟ್ಟ ಬೆಳಿಗ್ಗೆ, ಮಣ್ಣು ಮೆತ್ತಿದ ತೂಬು, ಎತ್ತದ ಮುಖ, ಎಲ್ಲ ಒಟ್ಟಿಗೆ ನೆನಪಾಯಿತು. ವ್ಯಾಪಾರಿಯನ್ನು ಅಲ್ಲೇ ಬಿಟ್ಟು ದಿಬ್ಬದ ಕಡೆ ಓಡಿದ.

ಮೇಲಿನ ಹೊಂಡದಲ್ಲಿ ಹನಿ ನೀರಿರಲಿಲ್ಲ. ಹಿರಿಯ ಅದನ್ನು ಬತ್ತಿಸಿ, ತಳ ಬಿರುಕು ಬಿಡುವ ತನಕ ಒಣಗಿಸಿ, ಮೇಲೆಲ್ಲ ಸುಣ್ಣ ಹರಡಿದ್ದ. ಆಚೆ ದಂಡೆಯಲ್ಲಿ ಅವನು ನಿಂತಿದ್ದ. ತುಂಬ ಸೊರಗಿದ್ದ. ಓಡಿ ಬರುತ್ತಿದ್ದವನನ್ನು ಕಂಡು ಕೈಯೆತ್ತಿ ತಡೆದ.

"ಅಲ್ಲೇ ನಿಂದರು. ಇನ್ನ ಹದಿನೈದು ದಿನ ಒಣಗಬೇಕು. ಇಲ್ಲಿ ಕಾಲಿಟ್ಟು ನಿನ್ನ ಹೊಂಡಕ್ಕ ಹೋಗ್ತಿ."

"ನನಗ ಒಂದ್ ಮಾತು ಹೇಳಬಾರದಿತ್ತೇನಣ್ಣಾ?"

"ಹೇಳಿದ್ರ ನೀ ದೂರ ನಿಂದರ್ತಿದ್ದೇನು? ಅವತ್ತ ನನಗಿಂತ ಮೊದಲ ನೀರಿಗಿಳೀತಿದ್ದಿ."

ಕೆಳಗಿನವನು ಇಳಿಯುತ್ತಿದ್ದದ್ದು ನಿಜ. ಸತ್ತ ಮೀನನ್ನು ಅಣ್ಣನ ಜೊತೆ ಬಾಚಿ, ಅದೇ ಕಾಲಿನಲ್ಲಿ ತನ್ನ ಹೊಂಡಕ್ಕೆ ಹೋಗುತ್ತಿದ್ದದ್ದೂ ನಿಜ. ಒಣ ಹೊಂಡ ದಾಟಿದರೆ ಅಣ್ಣ ಕೈಗೆ ಸಿಗುತ್ತಿದ್ದ. ಒಮ್ಮೆ ತಬ್ಬಿಕೊಂಡು ಅತ್ತುಬಿಡಬೇಕು ಎಂದು ಜೀವ ತವಕಿಸಿತು. ಆದರೆ ದಾಟಲಿಲ್ಲ, ದಂಡೆಯಲ್ಲೇ ಕುಕ್ಕುರುಗಾಲಿನಲ್ಲಿ ಕೂತ. ಆಚೆ ದಂಡೆಯಲ್ಲಿ ಹಿರಿಯನೂ ಕೂತ. ಒಂದು ಚಳಿಗಾಲದ ಮಾತು ಬಾಕಿ ಇತ್ತು. ಹೊತ್ತು ಇಳಿಯುವ ತನಕ ಇಬ್ಬರೂ ಕೂಗಿ ಕೂಗಿ ಮಾತಾಡಿದರು.

ಅಜ್ಜಾರು ಕತೆ ನಿಲ್ಲಿಸಿದರು. ತಾಯಪ್ಪನಿಗೆ ಸಮಾಧಾನವಾಗಲಿಲ್ಲ.

"ಆ ಅಣ್ಣನದೂ ತಪ್ಪೈತ್ರಿ ಅಜ್ಜಾರ. ಬಾಯಿಬಿಟ್ಟು ಹೇಳದಿದ್ರ ಕೆಳಗಿನವಗ ಹ್ಯಾಂಗ ತಿಳೀಬೇಕು?"

ಅಜ್ಜಾರು ಅವನ ಮುಖವನ್ನೇ ನೋಡಿದರು.

"ಎರಡು ವರ್ಷದಿಂದ ಅಕ್ಕ ಬರಬ್ಯಾಡ ಅಂದ್ಳು ಅಂತ ಹೇಳಕೋತ ಬಂದಿ, ಅಕ್ಕಗ ಏನಾಗಿತ್ತು ಅಂತ ಒಂದ್ ದಿನಾನೂ ಕೇಳಲಿಲ್ಲಲ್ಲೋ ತಾಯಪ್ಪ."